ಮಾಸಿದ ಮಲ್ಲಿಗೆ, ಬೂದುಬಣ್ಣದ ಎಮ್ಮೆ

ಇವತ್ತಿನ ಮಾತು ಕ್ಯಾಮೆರಾದ ಮೈಮೇಲಿರುವ ಒಂದು ಪುಟ್ಟ ಗುಂಡಿಯದು. ಫೋಟೋದ ವಿಷಯವನ್ನು ರೇಡಿಯೋದಲ್ಲಿ ಹೇಳುವುದು ಹೇಗೆ ಎಂದು ಕೆಲವರಿಗೆ ಅನ್ನಿಸಬಹುದು. ಇದಕ್ಕೆ ಕಣ್ಣೆದುರು ಚಿತ್ರ ಇರಬೇಕೆಂದಿಲ್ಲ. ಒಂದು ಬುಟ್ಟಿ ಮಲ್ಲಿಗೆಯನ್ನೂ ಒಂದು ಎಮ್ಮೆಯನ್ನೂ ಮನಸ್ಸಿಗೆ ತಂದುಕೊಂಡರೆ ಸಾಕು.

ಮೊದಲು ಮಲ್ಲಿಗೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ. ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಪರಿಮಳ ಬೇರೆ ಬೇರೆಯಾದರೂ ಮೂರೂ ಬೆಳ್ಳಗಿವೆ. ಬೆಳಗಿನ ಮಾರುಕಟ್ಟೆಯಲ್ಲಿ ಬುಟ್ಟಿ ತುಂಬ ಹೂವಿದೆ. ಯಾರೋ ಹತ್ತಿರ ಹೋಗಿ, ಚೌಕಟ್ಟಿನ ತುಂಬ ಹೂವೇ ಬರುವಂತೆ ಕ್ಯಾಮೆರಾ ಹಿಡಿದು ಒತ್ತುತ್ತಾರೆ. ಹಿಂದಿನ ತೆರೆಯ ಮೇಲೆ ಮೂಡುವುದು ಮಾಸಿದ ಹೂವು. ನಿನ್ನೆ ಕೊಯ್ದದ್ದೋ, ಮೊನ್ನೆ ಕೊಯ್ದದ್ದೋ ಅನ್ನಿಸುವ ಹೂವು. ಒಗೆಯದ ಪಂಚೆಯ ಬಣ್ಣ.

ಇನ್ನು ಎಮ್ಮೆ. ಕೆರೆಯಿಂದ ಈಗಷ್ಟೇ ಎದ್ದು ಬಂದಿದೆ. ಮೈಯಿಂದ ನೀರು ಇಳಿಯುತ್ತಿದೆ. ಎಣ್ಣೆ ತಿಕ್ಕಿದ ಬೀಟೆ ಮರದಂತೆ ಮಿರುಗುವ ಕಪ್ಪು. ಅದೇ ಕ್ಯಾಮೆರಾದಲ್ಲಿ, ಚೌಕಟ್ಟಿನ ತುಂಬ ಎಮ್ಮೆಯ ಮುಖ ಬರುವಂತೆ ತೆಗೆದರೆ ಕಪ್ಪು ಕಾಣೆಯಾಗಿರುತ್ತದೆ. ಎಮ್ಮೆ ಬೂದಿ ಬಳಿದುಕೊಂಡು ನಿಂತಂತಿರುತ್ತದೆ.

ಬಿಳಿ ಬೂದಾಯಿತು. ಕಪ್ಪೂ ಬೂದಾಯಿತು. ಕ್ಯಾಮೆರಾ ಕೆಟ್ಟಿಲ್ಲ. ಅಂಗಡಿಯವರು ಮೋಸ ಮಾಡಿಲ್ಲ. ತೆಗೆದವರ ಕೈ ನಡುಗಿಲ್ಲ. ತನಗೆ ಕಲಿಸಿದ್ದನ್ನು ಕ್ಯಾಮೆರಾ ತಪ್ಪದೆ ಮಾಡಿದೆ, ಅಷ್ಟೆ. ಅದಕ್ಕೆ ಏನು ಕಲಿಸಿದ್ದಾರೆ ಎಂದು ತಿಳಿದರೆ ಆ ಪುಟ್ಟ ಗುಂಡಿ ಏಕಿದೆ ಎಂಬುದೂ ತಿಳಿಯುತ್ತದೆ.

ಕ್ಯಾಮೆರಾದೊಳಗೆ ಬೆಳಕಿನ ಮೀಟರ್ ಇದೆ. ವಸ್ತುವಿನ ಮೇಲೆ ಬಿದ್ದು ಮರಳಿ ಬರುವ ಬೆಳಕನ್ನು ಅದು ಅಳೆಯುತ್ತದೆ. ಬಿದ್ದ ಬೆಳಕು ಎಷ್ಟು ಎಂಬುದು ಅದಕ್ಕೆ ತಿಳಿಯದು. ಮರಳಿ ಬಂದದ್ದು ಎಷ್ಟು ಎಂಬುದಷ್ಟೇ ಗೊತ್ತು. ಈಗ ಯೋಚಿಸಿ. ದಟ್ಟ ನೆರಳಿನಲ್ಲಿರುವ ಮಲ್ಲಿಗೆಯಿಂದ ಇಷ್ಟು ಬೆಳಕು ಬರುತ್ತದೆ. ನಡುಹಗಲ ಬಿಸಿಲಲ್ಲಿರುವ ಎಮ್ಮೆಯಿಂದಲೂ ಅಷ್ಟೇ ಬೆಳಕು ಬರಬಹುದು. ಮೀಟರಿಗೆ ಎರಡೂ ಒಂದೇ. ನೋಡುತ್ತಿರುವುದು ಹೂವೋ ಎಮ್ಮೆಯೋ ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾದರೆ ಅದು ತೀರ್ಮಾನ ಮಾಡುವುದು ಹೇಗೆ? ಒಂದು ಊಹೆಯಿಂದ. ಲೋಕದ ಬಿಳುಪು ಕಪ್ಪುಗಳನ್ನೆಲ್ಲ ಕಲಸಿದರೆ ಒಂದು ನಡುಮಟ್ಟದ ಬೂದು ಸಿಗುತ್ತದೆ ಎಂಬುದೇ ಆ ಊಹೆ. ಛಾಯಾಗ್ರಾಹಕರು ಬಳಸುವ ಬೂದು ಕಾರ್ಡ್ ಒಂದಿದೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅದು ಸುಮಾರು ಶೇಕಡಾ 18ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಹಸಿರು ಹುಲ್ಲು, ಹಳೆಯ ಟಾರು ರಸ್ತೆ ಹೆಚ್ಚುಕಡಿಮೆ ಇದೇ ಮಟ್ಟದವು. ಕ್ಯಾಮೆರಾ ಎದುರಿಗಿದ್ದುದನ್ನೆಲ್ಲ ಈ ನಡುಮಟ್ಟಕ್ಕೆ ತಂದು ನಿಲ್ಲಿಸಲು ನೋಡುತ್ತದೆ. ಹುಲ್ಲಿನ ವಿಷಯದಲ್ಲಿ ಊಹೆ ಸರಿಹೋಗುತ್ತದೆ. ಮಲ್ಲಿಗೆಯ ರಾಶಿ ಆ ಕಾರ್ಡಿಗಿಂತ ಸುಮಾರು ನಾಲ್ಕು ಪಟ್ಟು ಬೆಳಕು ಕಳಿಸುತ್ತದೆ. ಬೆಳಕು ಅತಿಯಾಯಿತು ಎಂದುಕೊಂಡು ಕ್ಯಾಮೆರಾ ಕಡಿಮೆ ಮಾಡುತ್ತದೆ. ಎಮ್ಮೆಯಿಂದ ಬರುವುದು ತೀರ ಕಡಿಮೆ. ಕತ್ತಲಾಯಿತು ಎಂದುಕೊಂಡು ಹೆಚ್ಚಿಸುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮ್ಮಲ್ಲಿದೆ. ಕ್ಯಾಮೆರಾದ ಮಟ್ಟಿಗೆ ಬೆಳ್ಳಗಿರುವುದು ಎಂಬುದೇ ಇಲ್ಲ.

ಈ ಊಹೆಯನ್ನು ಸುಧಾರಿಸಲು ಎಂಜಿನಿಯರುಗಳು ಪಟ್ಟ ಶ್ರಮ ದೊಡ್ಡದು. 1938ರಲ್ಲಿ ಕೊಡಾಕ್ ಕಂಪನಿ ಸೂಪರ್ ಸಿಕ್ಸ್–20 ಎಂಬ ಕ್ಯಾಮೆರಾ ತಂದಿತು. ತಾನಾಗಿ ಬೆಳಕು ಹೊಂದಿಸಿಕೊಂಡ ಮೊದಲ ಕ್ಯಾಮೆರಾ ಅದು. ಅದರ ಮುಂದೆ ಬೆಳಕನ್ನು ಗ್ರಹಿಸುವ ಸೆಲೆನಿಯಂ ಪಟ್ಟಿ ಇತ್ತು. 1983ರಲ್ಲಿ ನಿಕಾನ್ ಕಂಪನಿಯ ಎಫ್‌ಎ ಕ್ಯಾಮೆರಾ ದೃಶ್ಯವನ್ನು ಐದು ಭಾಗ ಮಾಡಿ, ಒಂದೊಂದನ್ನೂ ಬೇರೆಯಾಗಿ ಅಳೆದು, ಹೋಲಿಸಿ ನೋಡತೊಡಗಿತು. 1996ರ ಎಫ್‌5 ಕ್ಯಾಮೆರಾದಲ್ಲಿ ಈ ಅಳತೆ ಸುಮಾರು ಒಂದು ಸಾವಿರ ಬಿಂದುಗಳಲ್ಲಿ ನಡೆಯಿತು. ಬಣ್ಣವನ್ನೂ ಗಮನಿಸಿತು. ಮೂವತ್ತು ಸಾವಿರಕ್ಕೂ ಹೆಚ್ಚು ದೃಶ್ಯಗಳ ಅನುಭವವನ್ನು ಅದರ ನೆನಪಿನಲ್ಲಿ ತುಂಬಿದ್ದರು. ಇವತ್ತಿನ ಕ್ಯಾಮೆರಾ ಮುಖವನ್ನು ಗುರುತಿಸುತ್ತದೆ, ಕಣ್ಣನ್ನು ಹುಡುಕುತ್ತದೆ. ಊಹೆ ಬಹಳ ಜಾಣತನದ್ದಾಗಿದೆ. ಆದರೂ ಊಹೆಯೇ. ಹೂವು ಬೆಳ್ಳಗಿದೆ ಎಂಬುದು ನಿಮಗೆ ಖಚಿತವಾಗಿ ಗೊತ್ತು. ಅದನ್ನು ಕ್ಯಾಮೆರಾಕ್ಕೆ ತಿಳಿಸಬೇಕಾದವರು ನೀವೇ. ಹಾಗೆ ತಿಳಿಸುವ ದಾರಿಯೇ ಆ ಗುಂಡಿ.

ಇಲ್ಲಿಯವರೆಗಿನ ಮಾತು ಇಷ್ಟು. ಕ್ಯಾಮೆರಾ ಮರಳಿ ಬಂದ ಬೆಳಕನ್ನಷ್ಟೇ ಅಳೆಯುತ್ತದೆ. ಎಲ್ಲವನ್ನೂ ನಡುಮಟ್ಟದ ಬೂದಿಗೆ ಎಳೆಯುತ್ತದೆ. ಈಗ ಗುಂಡಿಯ ವಿಚಾರ.

ಅದರ ಹೆಸರು ಎಕ್ಸ್‌ಪೋಶರ್ ಕಾಂಪೆನ್ಸೇಶನ್. ಬೆಳಕಿನ ಸರಿದೂಗಿಕೆ ಎನ್ನಬಹುದು. ಬೆರಳಿಗೆ ಎಟಕುವಂತೆ, ಚಿತ್ರ ತೆಗೆಯಲು ಒತ್ತುವ ಗುಂಡಿಯ ಆಸುಪಾಸಿನಲ್ಲೇ ಸಾಮಾನ್ಯವಾಗಿ ಇರುತ್ತದೆ. ಪುಟ್ಟ ಚೌಕವನ್ನು ಓರೆಗೆರೆಯೊಂದು ಸೀಳಿರುತ್ತದೆ. ಗೆರೆಯ ಒಂದು ಬದಿ ಕೂಡುವ ಚಿಹ್ನೆ, ಇನ್ನೊಂದು ಬದಿ ಕಳೆಯುವ ಚಿಹ್ನೆ. ಕೆಲವು ಕ್ಯಾಮೆರಾಗಳಲ್ಲಿ ಗುಂಡಿಯ ಬದಲು ಅಂಕಿ ಬರೆದ ಚಕ್ರವೇ ಇದೆ. ನಡುವೆ ಸೊನ್ನೆ, ಒಂದು ಕಡೆ ಕೂಡು ಒಂದು, ಎರಡು, ಮೂರು. ಇನ್ನೊಂದು ಕಡೆ ಕಳೆ ಒಂದು, ಎರಡು, ಮೂರು. ಕೆಲವದರಲ್ಲಿ ಐದರವರೆಗೂ ಹೋಗಬಹುದು.

ಈ ಅಂಕಿಗಳ ಲೆಕ್ಕ ಹೊಸಬರಿಗೆ ಗೊಂದಲ ಮಾಡುತ್ತದೆ. ಹಳಬರಿಗೆ ಅದು ಅಡುಗೆಮನೆಯಲ್ಲೇ ಸಿಗುವ ಲೆಕ್ಕ. ಅಕ್ಕಿ ಅಳೆಯುವ ಸೇರು ನೆನಪಿದೆಯೇ? ಸೇರಿನ ಅರ್ಧ ಅಚ್ಚೇರು. ಅಚ್ಚೇರಿನ ಅರ್ಧ ಪಾವು. ಪಾವಿನ ಅರ್ಧ ಅರೆಪಾವು. ಅರೆಪಾವಿನ ಅರ್ಧ ಚಟಾಕು. ಒಂದೊಂದು ಮೆಟ್ಟಿಲಿಳಿದಾಗಲೂ ಅರ್ಧ. ಒಂದೊಂದು ಮೆಟ್ಟಿಲೇರಿದಾಗಲೂ ದುಪ್ಪಟ್ಟು. ಕ್ಯಾಮೆರಾದ ಲೆಕ್ಕ ಥೇಟ್ ಇದೇ. ಸೊನ್ನೆ ಎಂದರೆ ಮೀಟರ್ ಹೇಳಿದ ಒಂದು ಸೇರು ಬೆಳಕು. ಕಳೆ ಒಂದು ಎಂದರೆ ಅಚ್ಚೇರು. ಕಳೆ ಎರಡು ಎಂದರೆ ಪಾವು. ಕೂಡು ಒಂದು ಎಂದರೆ ಎರಡು ಸೇರು. ಕೂಡು ಎರಡು ಎಂದರೆ ನಾಲ್ಕು ಸೇರು. ಈ ಒಂದೊಂದು ಮೆಟ್ಟಿಲನ್ನು ಛಾಯಾಗ್ರಾಹಕರು ಸ್ಟಾಪ್ ಎನ್ನುತ್ತಾರೆ. ಮೆಟ್ಟಿಲ ನಡುವೆ ಮೂರನೇ ಒಂದು ಭಾಗದ ಸಣ್ಣ ಹೆಜ್ಜೆಗಳೂ ಇವೆ. ಅಂಥ ಒಂದು ಹೆಜ್ಜೆಗೆ ಬೆಳಕು ಸುಮಾರು ಕಾಲು ಭಾಗದಷ್ಟು ಹೆಚ್ಚುತ್ತದೆ.

ಬುಟ್ಟಿಯ ಮಲ್ಲಿಗೆ ನಾಲ್ಕು ಪಟ್ಟು ಬೆಳಕು ಕಳಿಸುತ್ತದೆ ಎಂದು ಹೇಳಿದ್ದಾಯಿತು. ಲೆಕ್ಕದ ಪ್ರಕಾರ ಅದಕ್ಕೆ ಕೂಡು ಎರಡು ಬೇಕು. ಆದರೆ ಅಷ್ಟು ಕೂಡಿಸಿದರೆ ದಳಗಳ ನಡುವಿನ ನವಿರಾದ ನೆರಳೂ ಅಳಿಸಿಹೋಗುವ ಭಯವಿದೆ. ಹಾಗಾಗಿ ಒಂದೂವರೆಯ ಆಸುಪಾಸಿನಲ್ಲಿ ನಿಲ್ಲುವುದು ಕ್ಷೇಮ. ಎಮ್ಮೆಗೆ ಕಳೆ ಒಂದು ಸಾಮಾನ್ಯವಾಗಿ ಸಾಕಾಗುತ್ತದೆ. ಬಿಳಿಗೆ ಕೂಡಿಸು, ಕಪ್ಪಿಗೆ ಕಳೆ. ಮೊದಲ ಸಲ ಕೇಳಿದವರಿಗೆ ಇದು ತಿರುಗುಮುರುಗಾಗಿ ತೋರುತ್ತದೆ. ಕಪ್ಪಾದದ್ದಕ್ಕಲ್ಲವೇ ಬೆಳಕು ಸೇರಿಸಬೇಕಾದದ್ದು ಎಂದು ಕೇಳುತ್ತಾರೆ. ಕ್ಯಾಮೆರಾ ತಾನಾಗಿಯೇ ಏನು ಮಾಡಿಬಿಟ್ಟಿದೆ ಎಂಬುದನ್ನು ನೆನಪಿಸಿಕೊಂಡರೆ ಗೊಂದಲ ಉಳಿಯುವುದಿಲ್ಲ. ಅದು ಕಪ್ಪಿಗೆ ಆಗಲೇ ಅತಿಯಾಗಿ ಸುರಿದಿದೆ. ನೀವು ತೆಗೆಯಬೇಕು. ಬಿಳಿಯಿಂದ ಆಗಲೇ ಕಿತ್ತುಕೊಂಡಿದೆ. ನೀವು ಮರಳಿ ಕೊಡಬೇಕು.

ಇದುವರೆಗೆ ಎರಡು ವಿಷಯಗಳಾದವು. ಮೀಟರಿನ ಊಹೆ ಒಂದು, ಗುಂಡಿಯ ಲೆಕ್ಕ ಇನ್ನೊಂದು. ಗುಂಡಿ ತಿರುಗಿಸಿದಾಗ ಕ್ಯಾಮೆರಾದೊಳಗೆ ಬದಲಾಗುವುದು ಏನು ಎಂಬುದನ್ನು ಬೇಗ ಹೇಳಿ ಮುಗಿಸಬಹುದು.

ಕ್ಯಾಮೆರಾದ ಮೇಲಿನ ದೊಡ್ಡ ಚಕ್ರದಲ್ಲಿ ಪಿ, ಎ, ಎಸ್, ಎಂ ಎಂಬ ಅಕ್ಷರಗಳಿವೆ. ಕೆಲವು ಕಂಪನಿಗಳು ಎ ಬದಲು ಎವಿ ಎಂದೂ ಎಸ್ ಬದಲು ಟಿವಿ ಎಂದೂ ಬರೆಯುತ್ತವೆ. ಎ ಇಟ್ಟಿದ್ದರೆ ಲೆನ್ಸಿನ ಕಂಡಿ, ಅಂದರೆ ಅಪರ್ಚರ್, ನಿಮ್ಮ ಕೈಯಲ್ಲಿದೆ. ಆಗ ಗುಂಡಿ ತಿರುಗಿಸಿದರೆ ಶಟರಿನ ವೇಗ, ಅಂದರೆ ಬೆಳಕಿಗೆ ಬಾಗಿಲು ತೆರೆದಿರುವ ಹೊತ್ತು, ಬದಲಾಗುತ್ತದೆ. ಸೆಕೆಂಡಿನ 500ನೇ ಒಂದು ಭಾಗ ಇದ್ದದ್ದು ಕೂಡು ಒಂದಕ್ಕೆ 250ನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಲ್ಲಿಗೆಗೆ ಇದರಿಂದ ತೊಂದರೆಯಿಲ್ಲ. ಹಾರುವ ಹಕ್ಕಿಯ ರೆಕ್ಕೆ ಮಸುಕಾಗುತ್ತದೆ. ಎಸ್ ಇಟ್ಟಿದ್ದರೆ ವೇಗ ನಿಮ್ಮದು, ಕಂಡಿ ಕ್ಯಾಮೆರಾದ್ದು. ಕಂಡಿ ಆಗಲೇ ಪೂರ್ತಿ ತೆರೆದಿದ್ದರೆ, ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಸೂಚಿಸುವ ಐಎಸ್‌ಒ ಕೂಡ ನೀವೇ ಕಟ್ಟಿಹಾಕಿದ್ದರೆ, ಎಷ್ಟು ಕೂಡಿಸಿದರೂ ಚಿತ್ರ ಬೆಳಗುವುದಿಲ್ಲ. ಐಎಸ್‌ಒ ಆಟೋದಲ್ಲಿದ್ದರೆ ಹಲವು ಕ್ಯಾಮೆರಾಗಳು ಅದನ್ನೂ ಏರಿಳಿಸುತ್ತವೆ. ಎಂ ಎಂದರೆ ಎಲ್ಲವೂ ನಿಮ್ಮದೇ. ಅಲ್ಲಿ ಐಎಸ್‌ಒ ಕೂಡ ನೀವೇ ಇಟ್ಟಿದ್ದರೆ ಸರಿದೂಗಿಸುವ ಗುಂಡಿಗೆ ಕೆಲಸವಿಲ್ಲ. ಹಸಿರು ಬಣ್ಣದ ಪೂರ್ತಿ ಆಟೋದಲ್ಲಿ ಬಹುತೇಕ ಕ್ಯಾಮೆರಾಗಳು ಈ ಗುಂಡಿಯ ಮಾತು ಕೇಳುವುದಿಲ್ಲ. ಗುಂಡಿ ಒತ್ತಿದರೂ ಏನೂ ಆಗುತ್ತಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ಆ ದೊಡ್ಡ ಚಕ್ರವನ್ನು.

ಬಿಳಿಗೆ ಕೂಡಿಸು, ಕಪ್ಪಿಗೆ ಕಳೆ ಎಂಬ ಮಾತನ್ನು ಮತ್ತೊಮ್ಮೆ ನೆನೆಯಿರಿ. ಅದು ಚೌಕಟ್ಟಿನ ತುಂಬ ಬಿಳಿಯೋ ಕಪ್ಪೋ ಇದ್ದಾಗ ಸತ್ಯ. ಈಗ ರಂಗನತಿಟ್ಟಿಗೆ ಹೋಗೋಣ. ಅಲ್ಲಿ ಮಾತು ತಲೆಕೆಳಗಾಗುತ್ತದೆ.

ಶ್ರೀರಂಗಪಟ್ಟಣದ ಹತ್ತಿರ, ಕಾವೇರಿಯ ನಡುಗಡ್ಡೆಗಳ ಈ ಪಕ್ಷಿಧಾಮ 1940ರಿಂದ ಇದೆ. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಅರಸರಿಗೆ ಹೇಳಿ ಮಾಡಿಸಿದ್ದು. ದೋಣಿಯಲ್ಲಿ ಕೂತವರ ಮುಂದೆ ಒಂದು ಬೆಳ್ಳಕ್ಕಿ ಬಂಡೆಯ ಮೇಲೆ ನಿಂತಿದೆ. ಅದರ ಸುತ್ತ ಮರದ ನೆರಳು ಬಿದ್ದ ಕಪ್ಪು ನೀರು. ಚೌಕಟ್ಟಿನ ಹತ್ತರಲ್ಲಿ ಒಂಬತ್ತು ಭಾಗ ನೀರು, ಒಂದು ಭಾಗ ಹಕ್ಕಿ. ಹಕ್ಕಿ ಬಿಳಿ, ಆದ್ದರಿಂದ ಕೂಡಿಸಬೇಕು ಎಂದು ಹೊರಟರೆ ಕೆಲಸ ಕೆಟ್ಟಿತು. ಮೀಟರ್ ನೋಡಿದ್ದು ಹಕ್ಕಿಯನ್ನಲ್ಲ, ನೀರನ್ನು. ಕಪ್ಪು ನೀರನ್ನು ಬೂದು ಮಾಡಲು ಅದು ಆಗಲೇ ಬೆಳಕು ಸುರಿದಿದೆ. ಆ ಬೆಳಕಿನಲ್ಲಿ ಬೆಳ್ಳಕ್ಕಿ ಬರೀ ಬಿಳಿಯ ತೂತಾಗಿರುತ್ತದೆ. ಗರಿಯಿಲ್ಲ, ಕೊರಳಿನ ತಿರುವಿನ ನೆರಳಿಲ್ಲ. ಮರಿ ಮಾಡುವ ಕಾಲದಲ್ಲಿ ಬೆನ್ನ ಮೇಲೆ ಇಳಿಬೀಳುವ ನೂಲಿನಂಥ ಗರಿಗಳ ಸುಳಿವೇ ಇಲ್ಲ. ಇಲ್ಲಿ ಬೇಕಾದದ್ದು ಕಳೆ ಒಂದು. ಬಿಸಿಲು ನೇರ ಹಕ್ಕಿಯ ಮೇಲಿದ್ದರೆ ಇನ್ನೂ ಸ್ವಲ್ಪ. ಅದೇ ಬೆಳ್ಳಕ್ಕಿ ಹಾರಿ ಮೋಡದ ಬಿಳಿ ಆಕಾಶಕ್ಕೆ ಏರಿತು ಎನ್ನಿ. ಈಗ ಹಿನ್ನೆಲೆ ಬಿಳಿ. ಕೂಡು ಒಂದು ಬೇಕು. ಹಕ್ಕಿ ಒಂದೇ, ನಿಮಿಷವೂ ಕಳೆದಿಲ್ಲ, ಗುಂಡಿ ಮಾತ್ರ ಎರಡು ಮೆಟ್ಟಿಲು ಸರಿಯಬೇಕು.

ದರೋಜಿಯಲ್ಲಿ ಇದರ ಪ್ರತಿರೂಪ ನೋಡಬಹುದು. ಹಂಪಿಯಿಂದ ದೂರವಿಲ್ಲದ ಕರಡಿಧಾಮ. ಮಧ್ಯಾಹ್ನ ಇಳಿದ ಮೇಲೆ, ಬಂಡೆಗಳಿಗೆ ಸವರಿಟ್ಟ ಸಿಹಿಯನ್ನು ನೆಕ್ಕಲು ಕರಡಿಗಳು ಬರುತ್ತವೆ. ಕಾವಲುಗೋಪುರದಿಂದ ನೋಡುವವರಿಗೆ ಬಿಸಿಲಿಗೆ ಬೆಳಗುವ ಕಲ್ಲು, ಅದರ ನಡುವೆ ಒಂದು ಕಪ್ಪು ಜೀವ. ಕರಡಿ ಕಪ್ಪು, ಆದ್ದರಿಂದ ಕಳೆಯಬೇಕು ಎಂದರೆ ಅಲ್ಲೂ ತಪ್ಪು. ಮೀಟರ್ ನೋಡಿದ್ದು ಬಂಡೆಯನ್ನು. ಕರಡಿ ಇದ್ದಿಲಿನ ಮುದ್ದೆಯಂತೆ ಕೂರುತ್ತದೆ. ಅದರ ಜೂಲು ಕಾಣಬೇಕು, ಎದೆಯ ಮೇಲಿನ ಬಿಳಿಯ ಪಟ್ಟೆ, ಮಾಸಲು ಮೂತಿ ಕಾಣಬೇಕು ಎಂದರೆ ಒಂದು ಮೆಟ್ಟಿಲಿನ ಮೂರನೇ ಎರಡು ಭಾಗವನ್ನಾದರೂ ಕೂಡಿಸಬೇಕು. ಹಾಗೆ ಮಾಡಿದರೆ ಬಂಡೆ ಬೆಳ್ಳಗಾಗುತ್ತದಲ್ಲ ಎನ್ನಬಹುದು. ಆಗುತ್ತದೆ. ಅಲ್ಲಿಗೆ ಹೋದದ್ದು ಬಂಡೆಗಾಗಿಯೋ ಕರಡಿಗಾಗಿಯೋ ಎಂಬುದನ್ನು ತೆಗೆಯುವವರು ತೀರ್ಮಾನಿಸಬೇಕು. ಯಾವ ಮೀಟರಿಗೂ ಆ ತೀರ್ಮಾನ ಸಾಧ್ಯವಿಲ್ಲ.

ಕೇಳಬೇಕಾದ ಪ್ರಶ್ನೆ ಹೀಗಾಯಿತು. ವಸ್ತು ಬಿಳಿಯೋ ಕಪ್ಪೋ ಎಂದು ಮಾತ್ರ ಕೇಳಿದರೆ ಸಾಲದು. ಚೌಕಟ್ಟಿನ ಹೆಚ್ಚಿನ ಜಾಗವನ್ನು ತುಂಬಿರುವುದು ಏನು ಎಂದು ಕೇಳಬೇಕು. ಆ ಪ್ರಶ್ನೆ ಕೇಳುವ ಅಭ್ಯಾಸವಾದರೆ ಉಳಿದ ಕಡೆ ಉತ್ತರ ತಾನಾಗಿ ಬರುತ್ತದೆ. ಮಳೆಗಾಲದ ಮುಳ್ಳಯ್ಯನಗಿರಿಯಲ್ಲಿ ಚೌಕಟ್ಟಿನ ತುಂಬ ಮಂಜು. ಕೂಡು ಒಂದು, ಇಲ್ಲದಿದ್ದರೆ ಮಂಜು ಹೊಗೆಯಂತಿರುತ್ತದೆ. ಕಾರ್ತಿಕದ ದೀಪೋತ್ಸವದಲ್ಲಿ ಚೌಕಟ್ಟಿನ ತುಂಬ ಇರುಳು. ಕಳೆ ಒಂದೋ ಎರಡೋ, ಇಲ್ಲದಿದ್ದರೆ ಜ್ವಾಲೆಯ ಹಳದಿ ಉಳಿಯುವುದಿಲ್ಲ. ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಹೊತ್ತಿಕೊಂಡಾಗಲೂ ಹೀಗೇ. ದೂರದಿಂದ ತೆಗೆದರೆ ಅರಮನೆಯ ಸುತ್ತ ಕರಿಯ ಆಕಾಶವೇ ಹೆಚ್ಚು. ಕಳೆಯದೆ ತೆಗೆದ ಚಿತ್ರದಲ್ಲಿ ಆಕಾಶ ಬೂದು, ಅರಮನೆ ಬರೀ ಬಿಳಿ ಬೆಂಕಿ. ಒಂದು ಮೆಟ್ಟಿಲು ಇಳಿಸಿದರೆ ಆ ಹೊಂಬಣ್ಣ ಮರಳಿ ಬರುತ್ತದೆ.

ಈಗ ಎಷ್ಟು ಕೂಡಿಸಿದರೆ ಅತಿ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಈ ಮಾತು ಹೊರಡುತ್ತಿರುವ ಸ್ಟುಡಿಯೋದಲ್ಲೇ ಇದೆ.

ಬಾನುಲಿಯ ಸ್ಟುಡಿಯೋದಲ್ಲಿ ಗಾಜಿನ ಆಚೆ ಧ್ವನಿಮುದ್ರಣ ಮಾಡುವವರು ಕೂತಿರುತ್ತಾರೆ. ಅವರ ಕಣ್ಣು ಧ್ವನಿಯ ಮಟ್ಟ ತೋರಿಸುವ ಮುಳ್ಳಿನ ಮೇಲಿರುತ್ತದೆ. ಮಾತಾಡುವವರು ದನಿ ಏರಿಸಿದರೆ ಮುಳ್ಳು ಕೆಂಪು ಗೆರೆಗೆ ಬಡಿಯುತ್ತದೆ. ಆಗ ಧ್ವನಿ ಒಡೆಯುತ್ತದೆ. ಹಾಗೆ ಒಡೆದ ಧ್ವನಿಯನ್ನು ಆಮೇಲೆ ಸರಿಮಾಡುವುದು ಆಗದ ಮಾತು. ತೀರ ಮೆಲ್ಲಗೆ ಮಾತಾಡಿದರೆ ಆಮೇಲೆ ಏರಿಸಬಹುದು. ಆದರೆ ಜೊತೆಯಲ್ಲಿ ಸುಯ್ ಎನ್ನುವ ಸದ್ದೂ ಏರುತ್ತದೆ.

ಬೆಳಕಿನ ಕಥೆಯೂ ಇದೇ. ಡಿಜಿಟಲ್ ಸೆನ್ಸರಿನ ಒಂದೊಂದು ಬಿಂದುವೂ ಒಂದು ಪುಟ್ಟ ಬಿಂದಿಗೆ ಇದ್ದಂತೆ. ತುಂಬಿದ ಮೇಲೆ ಇನ್ನಷ್ಟು ಸುರಿದರೂ ಅದಕ್ಕೆ ತಿಳಿಯುವುದು ತುಂಬಿದೆ ಎಂಬುದಷ್ಟೆ. ಬೆಳ್ಳಕ್ಕಿಯ ಗರಿಗಳು ಹಾಗೆ ತುಂಬಿಹೋದರೆ ಯಾವ ಕಂಪ್ಯೂಟರಿಗೂ ಅವನ್ನು ಮರಳಿ ತರಲಾಗದು. ಕತ್ತಲಾದ ಭಾಗವನ್ನು ಆಮೇಲೆ ಬೆಳಗಿಸಬಹುದು. ಆದರೆ ಮರಳು ಎರಚಿದಂಥ ಚುಕ್ಕೆಗಳೂ ಜೊತೆಗೆ ಏಳುತ್ತವೆ. ರಾ ಎಂಬ ಕಚ್ಚಾ ಕಡತದಲ್ಲಿ ಚಿತ್ರ ಉಳಿಸಿದರೆ ತಿದ್ದಲು ಹೆಚ್ಚು ಅವಕಾಶ. ಮಾಮೂಲಿ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಸುಮಾರು 250 ಮೆಟ್ಟಿಲುಗಳು. ಕಚ್ಚಾ ಕಡತದಲ್ಲಿ ನಾಲ್ಕು ಸಾವಿರದಿಂದ ಹದಿನಾರು ಸಾವಿರ. ಹಾಗೆಂದು ತುಂಬಿ ಚೆಲ್ಲಿದ ಬಿಂದಿಗೆಯನ್ನು ಕಚ್ಚಾ ಕಡತವೂ ಉಳಿಸಲಾರದು.

ಸ್ಟುಡಿಯೋದ ಮುಳ್ಳಿಗೆ ಸಮನಾದದ್ದು ಕ್ಯಾಮೆರಾದಲ್ಲಿ ಹಿಸ್ಟೋಗ್ರಾಂ. ಒಂದು ಗುಡ್ಡದ ಸಾಲಿನಂಥ ಚಿತ್ರ ಅದು. ಎಡತುದಿ ಕಪ್ಪು, ಬಲತುದಿ ಬಿಳಿ, ನಡುವೆ ಉಳಿದೆಲ್ಲವೂ. ಯಾವ ಮಟ್ಟದ ಬೆಳಕು ಚಿತ್ರದಲ್ಲಿ ಹೆಚ್ಚಿದೆಯೋ ಅಲ್ಲಿ ಗುಡ್ಡ ಎತ್ತರ. ಗುಡ್ಡ ಬಲಗೋಡೆಗೆ ಹೋಗಿ ಅಪ್ಪಳಿಸಿ ನಿಂತಿದ್ದರೆ ಬಿಂದಿಗೆಗಳು ತುಂಬಿ ಚೆಲ್ಲಿವೆ ಎಂದು ತಿಳಿಯಬೇಕು. ಮಲ್ಲಿಗೆಯ ಗುಡ್ಡ ಬಲಗಡೆಗೆ ಹೋಗಲಿ, ಗೋಡೆಗೆ ತಾಗದಿರಲಿ. ಇನ್ನೂ ಸುಲಭದ ಸೂಚನೆ ಬೇಕಾದವರಿಗೆ ಮೆನುವಿನಲ್ಲಿ ಇನ್ನೊಂದು ಸೌಲಭ್ಯವಿದೆ. ಅದನ್ನು ಚಾಲೂ ಮಾಡಿದರೆ ತುಂಬಿ ಚೆಲ್ಲಿದ ಜಾಗಗಳು ತೆರೆಯ ಮೇಲೆ ಮಿಣುಕತೊಡಗುತ್ತವೆ. ಮಿಣುಕುತ್ತಿರುವುದು ಬೆಳ್ಳಕ್ಕಿಯ ಬೆನ್ನಾದರೆ ಮೂರನೇ ಒಂದು ಭಾಗ ಕಳೆದು ಮತ್ತೆ ತೆಗೆಯಿರಿ. ಮಿಣುಕುತ್ತಿರುವುದು ನೀರಿನ ಮೇಲಿನ ಸೂರ್ಯನ ಹೊಳಪಾದರೆ ಬಿಟ್ಟುಬಿಡಿ. ಸೂರ್ಯನ ಹೊಳಪಿಗೆ ಗರಿಗಳಿಲ್ಲ.

ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಲ್ಲಿ ಈ ಕೆಲಸ ಇನ್ನೂ ಹಗುರಾಗಿದೆ. ಗುಂಡಿ ತಿರುಗಿಸುತ್ತಿದ್ದಂತೆ, ಕಣ್ಣಿಟ್ಟು ನೋಡುವ ಕಿಂಡಿಯೊಳಗಿನ ಚಿತ್ರವೇ ಬೆಳಗುತ್ತದೆ, ಮಂಕಾಗುತ್ತದೆ. ಒತ್ತುವ ಮೊದಲೇ ಫಲ ಕಾಣುತ್ತದೆ. ಮೊಬೈಲಿನಲ್ಲೂ ಇದೇ ಗುಂಡಿ ಬೇರೆ ವೇಷದಲ್ಲಿದೆ. ತೆರೆಯನ್ನು ಬೆರಳಿನಿಂದ ಮುಟ್ಟಿದರೆ ಹಲವು ಫೋನುಗಳಲ್ಲಿ ಪುಟ್ಟ ಸೂರ್ಯ ಮೂಡುತ್ತಾನೆ. ಅವನನ್ನು ಮೇಲಕ್ಕೆ ಸರಿಸಿದರೆ ಕೂಡು, ಕೆಳಕ್ಕೆ ಸರಿಸಿದರೆ ಕಳೆ.

ಮೀಟರೇ ಇಲ್ಲದೆ ಬೆಳಕನ್ನು ತೀರ್ಮಾನಿಸಿದ ಒಂದು ಸಂಜೆಯ ಕಥೆ ಛಾಯಾಗ್ರಹಣದ ಇತಿಹಾಸದಲ್ಲಿದೆ. 1941ರ ನವೆಂಬರ್ 1. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಹರ್ನಾಂಡೆಜ್ ಎಂಬ ಹಳ್ಳಿ. ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಕಾರಿನಲ್ಲಿ ಹೋಗುತ್ತಿದ್ದಾರೆ. ಮೂಡಣ ದಿಕ್ಕಿನಲ್ಲಿ ಚಂದ್ರ ಏರಿದ್ದಾನೆ. ಮುಳುಗುವ ಸೂರ್ಯನ ಕೊನೆಯ ಕಿರಣ ಸ್ಮಶಾನದ ಬಿಳಿ ಶಿಲುಬೆಗಳ ಮೇಲಿದೆ. ಕಾರು ನಿಲ್ಲಿಸಿ ದೊಡ್ಡ ಕ್ಯಾಮೆರಾ ಹೂಡಿದರು. ಬೆಳಕಿನ ಮೀಟರ್ ಎಲ್ಲಿದೆಯೋ ಸಿಗಲಿಲ್ಲ. ಆಗ ಅವರಿಗೆ ನೆನಪಾದದ್ದು ಚಂದ್ರನ ಹೊಳಪಿನ ಅಳತೆ. ಚದರ ಅಡಿಗೆ 250 ಕ್ಯಾಂಡಲ್. ಚಂದ್ರ ಚಿತ್ರದಲ್ಲಿ ಎಷ್ಟು ಬೆಳ್ಳಗಿರಬೇಕು ಎಂದು ತೀರ್ಮಾನಿಸಿ, ಅಲ್ಲಿಂದ ಲೆಕ್ಕ ಹಾಕಿ ತೆಗೆದರು. ಎರಡನೇ ಚಿತ್ರಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿತ್ತು. ಉಳಿದದ್ದು ಒಂದೇ ನೆಗೆಟಿವ್. ಇನ್ನೊಬ್ಬ ಛಾಯಾಗ್ರಾಹಕ ಫ್ರೆಡ್ ಆರ್ಚರ್ ಜೊತೆ ಸೇರಿ ಅವರು ರೂಪಿಸಿದ ಝೋನ್ ಪದ್ಧತಿಯೂ ಇದೇ ವಿವೇಕದ್ದು. ಕಪ್ಪಿನಿಂದ ಬಿಳುಪಿನವರೆಗೆ ಮೆಟ್ಟಿಲು ಮಾಡಿಕೊಳ್ಳುವುದು. ಯಾವ ವಸ್ತು ಯಾವ ಮೆಟ್ಟಿಲಲ್ಲಿ ಕೂರಬೇಕು ಎಂದು ಮೊದಲೇ ಮನಸ್ಸಿನಲ್ಲಿ ಕಾಣುವುದು. ಇವತ್ತಿನ ಗುಂಡಿ ಆ ಪದ್ಧತಿಯ ಸರಳ ರೂಪ ಎಂದರೆ ತಪ್ಪಾಗದು.

ನೀವು ನಿಮ್ಮ ತಾರಸಿಯಿಂದ ಹುಣ್ಣಿಮೆಯ ಚಂದ್ರನನ್ನು ತೆಗೆದಾಗ ಬರೀ ಬಿಳಿ ಬಿಲ್ಲೆ ಬರುವುದೇಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ಚೌಕಟ್ಟಿನ ತುಂಬ ಇರುಳು. ಚಂದ್ರನೋ ಬಿಸಿಲಲ್ಲಿರುವ ಕಲ್ಲು. ಅದೂ ಬಿದ್ದ ಬೆಳಕಿನ ಎಂಟನೇ ಒಂದು ಭಾಗವನ್ನಷ್ಟೇ ಮರಳಿಸುವ ಮಸುಕು ಕಲ್ಲು. ಮೂರು ಮೆಟ್ಟಿಲು ಕಳೆದರೂ ಕೆಲವೊಮ್ಮೆ ಸಾಲದು. ಆಗ ಚಕ್ರದಲ್ಲಿ ಎಂ ಅಕ್ಷರಕ್ಕೆ ಹೋಗುವುದೇ ಸರಿ.

ಮೀಟರಿನ ಊಹೆ, ಗುಂಡಿಯ ಲೆಕ್ಕ, ಚೌಕಟ್ಟನ್ನು ತುಂಬಿದ್ದು ಏನು ಎಂಬ ಪ್ರಶ್ನೆ, ತುಂಬಿ ಚೆಲ್ಲುವ ಬಿಂದಿಗೆ. ಇವಿಷ್ಟನ್ನೂ ಈಗ ಮನುಷ್ಯರ ಮುಖಕ್ಕೆ ತರಬೇಕು. ಈ ಗುಂಡಿ ಅತಿ ಹೆಚ್ಚು ಬೇಕಾಗುವುದು ಅಲ್ಲೇ. ಅತಿ ಹೆಚ್ಚು ದುರುಪಯೋಗ ಆಗುವುದೂ ಅಲ್ಲೇ.

ಮದುವೆಮನೆ. ಸುಣ್ಣ ಬಳಿದ ಗೋಡೆಯ ಮುಂದೆ, ಇಲ್ಲವೇ ಕಿಟಕಿಯ ಬೆಳಕಿಗೆ ಬೆನ್ನು ಮಾಡಿ, ಮನೆಯವರೆಲ್ಲ ಸಾಲಾಗಿ ನಿಂತಿದ್ದಾರೆ. ಗಂಡಸರ ಪಂಚೆ, ಅಂಗಿ, ಶಲ್ಯ ಎಲ್ಲ ಬಿಳಿ. ಕ್ಯಾಮೆರಾಕ್ಕೆ ಬಿಳಿಯ ಪ್ರವಾಹವೇ ಕಂಡಂತಾಗಿ ಬೆಳಕು ತಗ್ಗಿಸುತ್ತದೆ. ಮುಖಗಳೆಲ್ಲ ಮುಳುಗಿಹೋಗುತ್ತವೆ. ಮುಖ ಎಷ್ಟು ಕಪ್ಪೋ ಅಷ್ಟು ಆಳಕ್ಕೆ. ದುಡಿದು ಬಿಸಿಲುಂಡ ಅಜ್ಜನ ಮುಖದಲ್ಲಿ ಕಣ್ಣು ಎಲ್ಲಿ, ನಗೆ ಎಲ್ಲಿ ಎಂದು ಹುಡುಕಬೇಕಾಗುತ್ತದೆ. ಕೂಡು ಒಂದು ಮಾಡಿದರೆ ಅಜ್ಜ ಮರಳಿ ಬರುತ್ತಾರೆ. ಗೋಡೆ ಇನ್ನಷ್ಟು ಬೆಳ್ಳಗಾದರೆ ಆಗಲಿ. ಮುಂದೊಂದು ದಿನ ಆ ಚಿತ್ರವನ್ನು ಯಾರೂ ಗೋಡೆಗಾಗಿ ತೆರೆದು ನೋಡುವುದಿಲ್ಲ.

ಕಪ್ಪು ಮೈಬಣ್ಣಕ್ಕೆ ಛಾಯಾಗ್ರಹಣ ಮಾಡಿದ ಅನ್ಯಾಯ ಹಳೆಯದು. ಬಣ್ಣದ ಫಿಲ್ಮಿನ ಕಾಲದಲ್ಲಿ ಲ್ಯಾಬುಗಳಿಗೆ ಕೊಡಾಕ್ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಬಿಳಿಯ ಹೆಂಗಸೊಬ್ಬಳ ಮುಖ. ಅದಕ್ಕೆ ಶರ್ಲಿ ಕಾರ್ಡ್ ಎಂಬ ಹೆಸರು ಬಿತ್ತು. ಆ ಮುಖ ಸರಿಯಾಗಿ ಬಂದರೆ ಬಣ್ಣ ಸರಿ ಎಂದು ಲೆಕ್ಕ. ದಶಕಗಳ ಕಾಲ ಮುದ್ರಣ ಆ ಮುಖಕ್ಕೆ ಹೊಂದಿಕೊಂಡಿತ್ತು. ಕಡುಕಂದು ಬಣ್ಣದ ಸೂಕ್ಷ್ಮಗಳು ಸರಿಯಾಗಿ ಬರುತ್ತಿಲ್ಲ ಎಂದು ಚಾಕೊಲೇಟ್ ಕಂಪನಿಗಳೂ ಮರದ ಪೀಠೋಪಕರಣ ಮಾಡುವವರೂ ದೂರಿದ ಮೇಲೆ ಫಿಲ್ಮನ್ನು ಸುಧಾರಿಸುವ ಕೆಲಸಕ್ಕೆ ಬಿರುಸು ಬಂತು. ಬೇರೆ ಬೇರೆ ಮೈಬಣ್ಣದ ಮುಖಗಳಿರುವ ಮಾದರಿ ಕಾರ್ಡುಗಳು ಬಂದದ್ದು ಬಹಳ ತಡವಾಗಿ. ಯಾವುದನ್ನು ನಡುಮಟ್ಟ ಎನ್ನಬೇಕು ಎಂಬುದನ್ನು ಎಲ್ಲೋ ಯಾರೋ ತೀರ್ಮಾನಿಸಿರುತ್ತಾರೆ. ನಮ್ಮ ಮನೆಯ ಮುಖಗಳು ಅವರ ಕಣ್ಣೆದುರು ಇದ್ದವೋ ಇಲ್ಲವೋ.

ಇನ್ನೊಂದು ತಪ್ಪು ನಮ್ಮದೇ. ಹುಡುಗಿ ಬೆಳ್ಳಗೆ ಕಾಣಲಿ ಎಂದು ಬೆಳಕು ಸುರಿಯುವ ಚಾಳಿ. ಇದನ್ನು ನಿಷ್ಠುರವಾಗಿಯೇ ಹೇಳಬೇಕು. ಮುಖಕ್ಕೆ ಅದರ ಬೆಳಕನ್ನು ಮರಳಿಸುವುದು ಬೇರೆ, ಮುಖವನ್ನು ಬಿಳಿ ಮಾಡುವುದು ಬೇರೆ. ಕಪ್ಪು ಮುಖವೊಂದು ಚೌಕಟ್ಟನ್ನು ತುಂಬಿ, ಹಿಂದೆ ಕತ್ತಲ ಪಡಸಾಲೆ ಇದ್ದರೆ ಕ್ಯಾಮೆರಾ ತಾನೇ ಅತಿಯಾಗಿ ಬೆಳಗಿಸಿಬಿಡುತ್ತದೆ. ಆಗ ಮುಖ ಸಪ್ಪೆ. ಮೂರನೇ ಎರಡು ಭಾಗ ಕಳೆದು ನೋಡಿ. ಕೆನ್ನೆಯ ಮೇಲಿನ ಹೊಳಪು, ಹಣೆಯ ಗೆರೆ, ಚರ್ಮದ ತಾಮ್ರದ ಕಾವು ಎಲ್ಲ ತುಂಬಿಕೊಂಡು ಬರುತ್ತವೆ. ಮೈಸೂರಿನಲ್ಲಿ ಹುಟ್ಟಿದ ಸಿನಿಮಾ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು 1959ರ ಕಾಗಜ್ ಕೇ ಫೂಲ್ ಎಂಬ ಹಿಂದಿ ಚಿತ್ರದಲ್ಲಿ ಕತ್ತಲನ್ನು ಬಳಸಿದ ಬಗೆಯನ್ನು ನೋಡಿದವರಿಗೆ ಈ ಮಾತು ಹೊಸದಲ್ಲ. ಕನ್ನಡಿಯಿಂದ ಬಿಸಿಲನ್ನು ತಿರುಗಿಸಿ ಕತ್ತಲ ಸ್ಟುಡಿಯೋದೊಳಗೆ ಒಂದೇ ಕೋಲು ಬೆಳಕನ್ನು ಅವರು ಇಳಿಸಿದರು. ಉಳಿದದ್ದನ್ನು ಕತ್ತಲಿಗೇ ಬಿಟ್ಟರು.

ಕೊನೆಯದಾಗಿ ಒಂದು ಅಭ್ಯಾಸ. ಖರ್ಚಿಲ್ಲದ್ದು. ಮನೆಯಲ್ಲಿ ಒಂದು ಬಿಳಿ ಟವೆಲ್ ಇರುತ್ತದೆ. ಒಂದು ಕರಿ ಕಂಬಳಿಯೂ ಇದ್ದರೆ ಒಳ್ಳೆಯದು. ಎರಡನ್ನೂ ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ ಹಾಸಿ. ಕ್ಯಾಮೆರಾದ ದೊಡ್ಡ ಚಕ್ರವನ್ನು ಎ ಅಕ್ಷರಕ್ಕೆ ಇಡಿ. ಟವೆಲನ್ನು ಚೌಕಟ್ಟಿನ ತುಂಬ ಹಿಡಿದು ಸೊನ್ನೆಯಲ್ಲಿ ಒಂದು, ಕೂಡು ಒಂದರಲ್ಲಿ ಒಂದು, ಕೂಡು ಎರಡರಲ್ಲಿ ಒಂದು ಚಿತ್ರ ತೆಗೆಯಿರಿ. ಕಂಬಳಿಯನ್ನು ಸೊನ್ನೆ, ಕಳೆ ಒಂದು, ಕಳೆ ಎರಡರಲ್ಲಿ ತೆಗೆಯಿರಿ. ಆರು ಚಿತ್ರಗಳನ್ನೂ ಟವೆಲ್ ಮತ್ತು ಕಂಬಳಿಯ ಪಕ್ಕದಲ್ಲೇ ಹಿಡಿದು ಹೋಲಿಸಿ. ಸೊನ್ನೆಯಲ್ಲಿ ತೆಗೆದ ಎರಡು ಚಿತ್ರಗಳಲ್ಲಿ ಟವೆಲ್ ಯಾವುದು, ಕಂಬಳಿ ಯಾವುದು ಎಂದು ಬಣ್ಣ ನೋಡಿ ಹೇಳುವುದು ಕಷ್ಟವಾದೀತು. ನೇಯ್ಗೆ ನೋಡಿಯೇ ಹೇಳಬೇಕು. ಟವೆಲಿನ ನೂಲು ಕಾಣುತ್ತ ಇನ್ನೂ ಬೆಳ್ಳಗಿರುವ ಚಿತ್ರ ಯಾವುದು, ಕಂಬಳಿಯ ಉಣ್ಣೆ ಕಾಣುತ್ತ ಇನ್ನೂ ಕಪ್ಪಗಿರುವ ಚಿತ್ರ ಯಾವುದು ಎಂದು ಗುರುತಿಸಿಕೊಳ್ಳಿ. ನಿಮ್ಮ ಕ್ಯಾಮೆರಾದ ಸ್ವಭಾವ ಅಲ್ಲಿ ತಿಳಿಯುತ್ತದೆ. ಒಂದು ಕಂಪನಿಯ ಕ್ಯಾಮೆರಾದಂತೆ ಇನ್ನೊಂದರದು ಇರುವುದಿಲ್ಲ.

ಅಭ್ಯಾಸ ಮುಗಿದ ಮೇಲೆ ಗುಂಡಿಯನ್ನು ಸೊನ್ನೆಗೆ ತರುವುದನ್ನು ಮರೆಯಬೇಡಿ. ಬಹಳ ಕ್ಯಾಮೆರಾಗಳು ತಾವಾಗಿ ಸೊನ್ನೆಗೆ ಮರಳುವುದಿಲ್ಲ. ಆಫ್ ಮಾಡಿ ಆನ್ ಮಾಡಿದರೂ ಹಿಂದಿನ ಅಂಕಿಯನ್ನೇ ಹಿಡಿದುಕೊಂಡಿರುತ್ತವೆ. ನಿನ್ನೆಯ ದೀಪೋತ್ಸವದ ಕಳೆ ಎರಡು ಇಂದಿನ ನಾಮಕರಣದ ಚಿತ್ರಗಳಲ್ಲೆಲ್ಲ ಕತ್ತಲು ಸುರಿದುಬಿಡುತ್ತದೆ. ಹಾಗಾಗಿ ಚೀಲದ ಜಿಪ್ ಎಳೆಯುವ ಮುಂಚೆ ಒಮ್ಮೆ ಆ ಅಂಕಿಯ ಮೇಲೆ ಕಣ್ಣಾಡಿಸಿ. ನಾಳೆ ಬೆಳಗ್ಗೆ ಹೂವಿನ ಮಾರುಕಟ್ಟೆಗೆ ಹೋಗುವವರು ಬುಟ್ಟಿಯ ಹತ್ತಿರ ಬಗ್ಗಿದಾಗ ಸೊನ್ನೆಯಿಂದ ಒಂದೂವರೆ ಮೆಟ್ಟಿಲು ಮೇಲೇರಿ ತೆಗೆಯಲಿ.